ಬಟಾಣಿಯ ಮೊಳಕೆ

ಲಿಂಗರಾಜಪುರದಲ್ಲಿ ನಾನಿರುವ ಬೀದಿ ರೈಲು ಹಳಿಗೆ ಬಹಳ ದೂರವಿಲ್ಲ. ಬೆಳಗಿನ ಗಾಡಿ ಹೋದ ಮೇಲೆ ಸ್ವಲ್ಪ ಹೊತ್ತು ಕಿಟಕಿಗಳು ಸುಮ್ಮನಾಗುತ್ತವೆ. ಆಗ ಬೀದಿಯ ಕನ್ನಡ, ತಮಿಳು, ಉರ್ದು, ಇಂಗ್ಲಿಷುಗಳೆಲ್ಲ ಬೇರೆ ಬೇರೆಯಾಗಿ ಕೇಳಿಸುತ್ತವೆ. ಅಂಥ ಒಂದು ಬೆಳಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ನಮ್ಮ ಮನೆಯ ಬಾಗಿಲಿಗೆ ಬಂದರು. ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳಲಿಲ್ಲ. ಮಗ ಒಂದು ಕಿರುಚಿತ್ರ ತೆಗೆಯಲು ಹೊರಟಿದ್ದಾನೆ, ಅದಕ್ಕಾಗಿ ಸೊಸೆಯ ಎರಡು ಬಳೆಗಳನ್ನು ಒತ್ತೆಯಿಡುವ ಮಾತಾಡುತ್ತಿದ್ದಾನೆ, ಮೇಷ್ಟ್ರ ಮಾತನ್ನಾದರೂ ಕೇಳಿಯಾನು, ಬೇಡವೆಂದು ಬುದ್ಧಿ ಹೇಳಬೇಕು ಎಂದು ಕೇಳಿಕೊಂಡು ಹೊರಟುಹೋದರು.

ಹುಡುಗ ನನಗೆ ಚೆನ್ನಾಗಿ ಗೊತ್ತು. ಹುಡುಗನೆಂದರೂ ಮೂವತ್ತು ಸಮೀಪಿಸಿದೆ. ಹೊಂಗೆಯ ಮರದ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡು ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ಬಟ್ಟೆಗೆ ಇಸ್ತ್ರಿ ಹಾಕುವ ಮುದುಕರೊಬ್ಬರ ಒಂದು ದಿನವನ್ನು ಹದಿನೈದು ನಿಮಿಷಗಳಲ್ಲಿ ತೋರಿಸಬೇಕೆಂಬುದು ಅವನ ಆಸೆ. ನಟರು ಬೀದಿಯವರೇ. ಆದರೂ ಕ್ಯಾಮೆರಾದ ಬಾಡಿಗೆ, ಧ್ವನಿಗ್ರಹಣ, ಸಂಕಲನ, ನಾಲ್ಕು ದಿನ ಎಂಟು ಜನರ ಊಟ, ಎಲ್ಲ ಕೂಡಿಸಿದರೆ ಅವನ ಸಂಬಳಕ್ಕೆ ಮೀರಿದ ಲೆಕ್ಕ.

ಬೇಡವೆಂದು ಹೇಳುವುದು ನನಗೆ ಸುಲಭವಾಗಿತ್ತು. ಆದರೆ ಬಹಳ ವರ್ಷಗಳ ಹಿಂದೆ ಇನ್ನೊಬ್ಬ ವಿದ್ಯಾರ್ಥಿಗೆ, ಚಿತ್ರಕಲೆ ಕಲಿಯಬೇಕೆಂದಿದ್ದವನಿಗೆ, ನಾನು ಹಾಗೆಯೇ ಬೇಡವೆಂದಿದ್ದೆ. ಅವನು ವಿನಯದಿಂದ ನನ್ನ ಮಾತು ಕೇಳಿದ. ಈಗಲೂ ಎಲ್ಲಾದರೂ ಸಿಕ್ಕರೆ ನಮಸ್ಕಾರ ಮಾಡುತ್ತಾನೆ. ಆ ನಮಸ್ಕಾರವನ್ನು ಸ್ವೀಕರಿಸುವಾಗ ನನಗೆ ಒಂದು ಬಗೆಯ ಸಂಕೋಚವಾಗುತ್ತದೆ. ಆದ್ದರಿಂದ ಈ ಸಲ ಉಪದೇಶಕ್ಕೆ ಮೊದಲು, ಇದೇ ಹುಚ್ಚು ಹಿಡಿದು ಇದೇ ರೀತಿ ಮನೆಯನ್ನು ಪಣಕ್ಕಿಟ್ಟ ಒಬ್ಬ ದೊಡ್ಡ ಮನುಷ್ಯನ ಬಾಳನ್ನು ಮತ್ತೊಮ್ಮೆ ಓದಿಕೊಳ್ಳೋಣವೆಂದು ಕುಳಿತೆ. ಅವರೇ ಧುಂಡಿರಾಜ ಗೋವಿಂದ ಫಾಲ್ಕೆ, ಭಾರತೀಯ ಚಲನಚಿತ್ರದ ಜನಕರೆಂದು ನಾವೆಲ್ಲ ಕರೆಯುವ ದಾದಾಸಾಹೇಬ ಫಾಲ್ಕೆ.

ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ, ಗೋದಾವರಿ ಹುಟ್ಟುವ ಕ್ಷೇತ್ರದಲ್ಲಿ. ತಂದೆ ಸಂಸ್ಕೃತ ವಿದ್ವಾಂಸರು. ಮಗನೂ ವೈದಿಕ ವೃತ್ತಿಯನ್ನೇ ಹಿಡಿಯಬಹುದಾಗಿತ್ತು. ಆದರೆ ಅವನ ಕೈ ಬಣ್ಣದ ಕಡೆಗೆ ಚಾಚಿತು. 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿ, ಮುಂದೆ ಬರೋಡೆಯ ಕಲಾಭವನದಲ್ಲಿ ಚಿತ್ರಕಲೆಯೊಂದಿಗೆ ಛಾಯಾಗ್ರಹಣ ಮತ್ತು ಮುದ್ರಣದ ಕುಶಲತೆಗಳನ್ನೂ ಕಲಿತರು. ನಾಟಕಗಳಿಗೆ ಪರದೆ ಬರೆದರು. ಇಂದ್ರಜಾಲವನ್ನು ಅಭ್ಯಾಸ ಮಾಡಿ ತಮ್ಮ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿಸಿ ಪ್ರೊಫೆಸರ್ ಕೆಲ್ಫಾ ಎಂಬ ಹೆಸರಿನಲ್ಲಿ ಪ್ರದರ್ಶನಗಳನ್ನೂ ಕೊಟ್ಟರು. ಇಷ್ಟು ವಿದ್ಯೆಗಳು ಒಬ್ಬನಲ್ಲಿ ಸೇರಿದರೆ ಲೋಕ ಅವನನ್ನು ಚಂಚಲನೆಂದು ಕರೆಯುತ್ತದೆ. ಆ ವಿದ್ಯೆಗಳೆಲ್ಲ ಒಂದೆಡೆ ಕೂಡಬೇಕಾದ ಕಲೆ ಆಗಿನ್ನೂ ನಮ್ಮ ದೇಶದಲ್ಲಿ ಹುಟ್ಟಿರಲಿಲ್ಲವೆಂಬುದು ಲೋಕಕ್ಕೆ ತಿಳಿಯುವುದು ಹೇಗೆ?

ಗುಜರಾತಿನ ಗೋಧ್ರಾದಲ್ಲಿ ಛಾಯಾಗ್ರಾಹಕರಾಗಿ ಅಂಗಡಿಯಿಟ್ಟಿದ್ದಾಗ ಪ್ಲೇಗು ಬಂದಿತು. 1900ರ ಸುಮಾರಿನ ಆ ಮಾರಿಗೆ ಅವರ ಮೊದಲ ಹೆಂಡತಿಯೂ ಮಗುವೂ ಬಲಿಯಾದರು. 1898ರಲ್ಲಿ ನಮ್ಮ ಬೆಂಗಳೂರಿಗೂ ಅದೇ ಮಾರಿ ಬಂದಿತ್ತು. ದಂಡಿನ ಇಕ್ಕಟ್ಟನ್ನು ಸಡಿಲಿಸಲೆಂದು ಮುಂದೆ ಹುಟ್ಟಿಕೊಂಡ ಬಡಾವಣೆಯೇ ನಮ್ಮ ನೆರೆಯ ಫ್ರೇಜರ್ ಟೌನು. ಆ ಅಗಲವಾದ ಬೀದಿಗಳಲ್ಲಿ ಸಂಜೆ ನಡೆದಾಡುವಾಗ, ಒಂದೇ ಮಾರಿ ಒಂದು ಕಡೆ ಬೀದಿಗಳನ್ನು ಅಗಲಿಸಿ ಇನ್ನೊಂದು ಕಡೆ ಒಬ್ಬ ಮನುಷ್ಯನನ್ನು ಬರಿಗೈ ಮಾಡಿ ದಾರಿಗೆ ನೂಕಿತಲ್ಲ ಎಂದು ನಾನು ಯೋಚಿಸಿದ್ದುಂಟು.

1902ರಲ್ಲಿ ಫಾಲ್ಕೆ ಮತ್ತೆ ಮದುವೆಯಾದರು. ತವರಿನಲ್ಲಿ ಬೇರೆ ಹೆಸರಿದ್ದ ಆ ಹೆಣ್ಣುಮಗಳು ಗಂಡನ ಮನೆಯಲ್ಲಿ ಸರಸ್ವತೀಬಾಯಿಯಾದಳು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ನನ್ನ ಕಥೆಯ ಭಾರವೆಲ್ಲ ಅದರ ಮೇಲಿದೆ.

ಪುರಾತತ್ತ್ವ ಇಲಾಖೆಯಲ್ಲಿ 1903ರಲ್ಲಿ ದೊರೆತ ನೌಕರಿಯನ್ನು ಫಾಲ್ಕೆ ಸ್ವದೇಶಿ ಚಳವಳಿಯ ಕಾಲದಲ್ಲಿ ಬಿಟ್ಟು ಮುದ್ರಣಕ್ಕೆ ತೊಡಗಿದರು. ರಾಜಾ ರವಿವರ್ಮನ ಮುದ್ರಣಾಲಯಕ್ಕೂ ಕಲ್ಲಚ್ಚಿನ ಕೆಲಸ ಮಾಡಿಕೊಟ್ಟರು. ನಮ್ಮ ಅಜ್ಜಿಯರ ದೇವರ ಮನೆಗಳಲ್ಲಿ ಗಾಜಿನ ಚೌಕಟ್ಟಿನೊಳಗೆ ತೂಗುತ್ತಿದ್ದ ಲಕ್ಷ್ಮೀ ಸರಸ್ವತಿಯರ ಪಟಗಳನ್ನು ನೆನೆಯಿರಿ. ಆ ಬಣ್ಣದ ಲೋಕದಲ್ಲಿ ಪಳಗಿದ ಕೈ ಫಾಲ್ಕೆಯವರದು. ಮೂರು ಬಣ್ಣದ ಮುದ್ರಣ ಕಲಿತು ಯಂತ್ರ ತರಲು 1909ರಲ್ಲಿ ಜರ್ಮನಿಗೂ ಹೋಗಿಬಂದರು. ಮುದ್ರಣಾಲಯ ಹೆಸರು ಮಾಡಿತು. ಆದರೆ ಪಾಲುದಾರರೊಡನೆ ಮನಸ್ಸು ಮುರಿಯಿತು. ತಾವೇ ಕಟ್ಟಿದ ಉದ್ಯಮದಿಂದ ಹೊರಬಿದ್ದರು. ವಯಸ್ಸು ನಲವತ್ತು ದಾಟಿತ್ತು.

ಹೀಗೆ ಕೆಲಸವಿಲ್ಲದೆ ತಿರುಗುತ್ತಿದ್ದ 1911ರ ಸುಮಾರಿನಲ್ಲಿ, ಮುಂಬಯಿಯ ಗಿರಗಾಂವಿನ ಒಂದು ಚಿತ್ರಮಂದಿರದಲ್ಲಿ ಕ್ರಿಸ್ತನ ಜೀವನವನ್ನು ಕುರಿತ ಮೂಕಚಿತ್ರವನ್ನು ಅವರು ನೋಡಿದರು. ಪರದೆಯ ಮೇಲೆ ಕ್ರಿಸ್ತನು ನಡೆಯುತ್ತಿದ್ದರೆ ಅವರ ಒಳಗಣ್ಣಿಗೆ ಕೃಷ್ಣನೂ ರಾಮನೂ ಗೋಕುಲವೂ ಅಯೋಧ್ಯೆಯೂ ಕಾಣತೊಡಗಿದವು. ಹೆಂಡತಿಯನ್ನೂ ಕರೆದುಕೊಂಡು ಹೋಗಿ ಅದೇ ಚಿತ್ರವನ್ನು ತೋರಿಸಿದರು. ಮುಂದೆ ಹಲವು ತಿಂಗಳು ಊರಿಗೆ ಬಂದ ಚಿತ್ರಗಳನ್ನೆಲ್ಲ ನೋಡಿದರು, ಕೈಗೆ ಸಿಕ್ಕ ಪುಸ್ತಕಗಳನ್ನೆಲ್ಲ ಓದಿದರು, ನಿದ್ರೆಗೆಟ್ಟರು. ಫಲವಾಗಿ ಕಣ್ಣು ಮಂಜಾಗಿ ಕೆಲವು ಕಾಲ ದೃಷ್ಟಿಯೇ ಹೋದಂತಾಯಿತು. ವೈದ್ಯರ ಉಪಚಾರದಿಂದ ಕಣ್ಣು ಮರಳಿತು, ಹುಚ್ಚು ಮಾತ್ರ ಇಳಿಯಲಿಲ್ಲ. ಬಂಧುಗಳು ಈತನಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಆಡಿಕೊಂಡರು. ಹೆಂಡತಿ ಹಾಗೆನ್ನಲಿಲ್ಲ.

ಚಿತ್ರ ತೆಗೆಯುವ ವಿದ್ಯೆಯನ್ನು ಕಲಿಸಬಲ್ಲವರು ಆಗ ಇಲ್ಲಿ ಯಾರಿದ್ದರು? 1912ರ ಮೇ ತಿಂಗಳಲ್ಲಿ ತೋರ್ಣೆಯವರ ಪುಂಡಲೀಕ ಚಿತ್ರ ಮುಂಬಯಿಯಲ್ಲಿ ತೆರೆಕಂಡಿತೆಂಬುದು ನಿಜ. ಆದರೆ ಅದು ರಂಗದ ಮೇಲಿನ ನಾಟಕವನ್ನು ಕ್ಯಾಮೆರಾದ ಮುಂದೆ ಆಡಿಸಿದ್ದು. ಕ್ಯಾಮೆರಾ ಹಿಡಿದವನು ಆಂಗ್ಲನು. ಫಾಲ್ಕೆಯವರ ಹಟವೆಂದರೆ ಆದ್ಯಂತವೂ ತಮ್ಮ ಕೈಯಿಂದಲೇ ಆಗಬೇಕೆಂಬುದು. ಅದಕ್ಕಾಗಿ ಹನ್ನೆರಡು ಸಾವಿರ ರೂಪಾಯಿಯ ಜೀವವಿಮೆಯ ಪಾಲಿಸಿಗಳನ್ನು ಒತ್ತೆಯಿಟ್ಟು ಹತ್ತು ಸಾವಿರ ಸಾಲ ಮಾಡಿದರು. 1912ರ ಫೆಬ್ರವರಿ 1ರಂದು ಲಂಡನ್ನಿಗೆ ಹಡಗು ಹತ್ತಿದರು. ಅಲ್ಲಿ ಬಯೋಸ್ಕೋಪ್ ಎಂಬ ವಾರಪತ್ರಿಕೆಯ ಕಚೇರಿಗೆ ನೇರವಾಗಿ ಹೋಗಿ ಸಂಪಾದಕರಾದ ಕ್ಯಾಬೋರ್ನರ ಪರಿಚಯ ಮಾಡಿಕೊಂಡರು. ಇಂಗ್ಲೆಂಡಿನಲ್ಲಿಯೇ ಎಷ್ಟೋ ಮಂದಿ ಈ ವ್ಯಾಪಾರದಲ್ಲಿ ಮುಳುಗಿದ್ದಾರೆಂದು ಆತ ಎಚ್ಚರಿಸಿದನಾದರೂ, ಬಂದವರ ಶ್ರದ್ಧೆಯನ್ನು ಕಂಡು ಸೆಸಿಲ್ ಹೆಪ್‌ವರ್ಥರ ಸ್ಟುಡಿಯೋವಿಗೆ ಪರಿಚಯ ಮಾಡಿಕೊಟ್ಟನು. ಅಲ್ಲಿ ಚಿತ್ರನಿರ್ಮಾಣದ ಕ್ರಮವನ್ನೆಲ್ಲ ಕಣ್ಣಾರೆ ಕಂಡು, ಐವತ್ತು ಪೌಂಡಿಗೆ ವಿಲಿಯಮ್ಸನ್ ಕ್ಯಾಮೆರಾ ಕೊಂಡು, ಫಿಲ್ಮಿನ ಅಂಚಿಗೆ ರಂಧ್ರ ಹಾಕುವ ಯಂತ್ರವನ್ನೂ ಕಚ್ಚಾ ಫಿಲ್ಮನ್ನೂ ಗೊತ್ತುಮಾಡಿ, ಏಪ್ರಿಲ್ 1ರ ಹೊತ್ತಿಗೆ ಮುಂಬಯಿಗೆ ಮರಳಿದರು. ಎರಡು ತಿಂಗಳೊಳಗೆ ಒಂದು ವಿದ್ಯೆಯೂ ಒಂದು ಯಂತ್ರವೂ ದೇಶಕ್ಕೆ ಬಂದಂತಾಯಿತು.

ಕಂಪೆನಿಗೆ ಹೆಸರೇನೋ ಇಟ್ಟಾಯಿತು. ಬಂಡವಾಳ ಎಲ್ಲಿಂದ ಬರಬೇಕು? ಹಣವಂತರು ಫಾಲ್ಕೆಯವರ ಮಾತನ್ನು ಕೇಳಿದರೇ ವಿನಾ ನಂಬಲಿಲ್ಲ. ಆಗ ಅವರು ಮಾಡಿದ ಕೆಲಸವೇ ನನ್ನನ್ನು ಈ ಲೇಖನಕ್ಕೆ ಎಳೆದದ್ದು. ಒಂದು ಕುಂಡದಲ್ಲಿ ಬಟಾಣಿಯ ಬೀಜ ನೆಟ್ಟರು. ಅದರೆದುರಿಗೆ ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿದರು. ಬೀಜ ಮೊಳೆತು ಗಿಡವಾಗುವವರೆಗೂ, ಒಂದು ತಿಂಗಳಿಗೂ ಹೆಚ್ಚು ಕಾಲ, ದಿನದಿನವೂ ಬಿಡಿಬಿಡಿಯಾಗಿ ಅದರ ಚಿತ್ರ ತೆಗೆದರು. ಅಂಕುರದ ಬೆಳವಣಿಗೆ ಎಂಬರ್ಥದ ಮರಾಠಿ ಹೆಸರಿನ ಆ ಕಿರುಚಿತ್ರದ ಅವಧಿ ಒಂದು ನಿಮಿಷಕ್ಕೆ ತುಸು ಹೆಚ್ಚು.

ದಿನಕ್ಕೊಂದು ಚಿತ್ರ ತೆಗೆದರೆಂದು ಕೆಲವರು ಬರೆಯುತ್ತಾರೆ. ಮೇಷ್ಟ್ರ ಚಟ ನನಗೆ ಹೋಗಿಲ್ಲವಾದ್ದರಿಂದ ಲೆಕ್ಕ ಹಾಕಿ ನೋಡಿದೆ. ಮೂಕಚಿತ್ರಗಳ ಕಾಲದಲ್ಲಿ ಕ್ಯಾಮೆರಾದ ಹಿಡಿಯನ್ನು ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ಹದಿನಾರು ಚಿತ್ರಗಳಾಗುತ್ತಿದ್ದವು. ದಿನಕ್ಕೊಂದರಂತೆ ತಿಂಗಳಿಡೀ ತೆಗೆದರೆ ಪರದೆಯ ಮೇಲೆ ಅದು ಎರಡು ಸೆಕೆಂಡು ಕೂಡ ತುಂಬದು. ಒಂದು ನಿಮಿಷಕ್ಕೆ 960 ಚಿತ್ರಗಳು ಬೇಕು. ಎಂದರೆ ದಿನಕ್ಕೆ ಮೂವತ್ತರಷ್ಟು. ಹಗಲಿನಲ್ಲಿ ಹತ್ತಿರ ಹತ್ತಿರ ಅರ್ಧ ಗಂಟೆಗೊಮ್ಮೆ ಬಂದು, ಅದೇ ಜಾಗದಲ್ಲಿ ನಿಂತು, ಬೆಳಕನ್ನು ನೋಡಿ, ಒಂದೆರಡು ಚಿತ್ರ ತೆಗೆದುಹೋಗಬೇಕು. ತಿಂಗಳಿಡೀ ಒಂದು ದಿನವೂ ತಪ್ಪುವಂತಿಲ್ಲ. ಕುಂಡವನ್ನು ಮನೆಯ ಮಕ್ಕಳು ಜರುಗಿಸಿಬಿಟ್ಟರೆ ಮತ್ತೆ ಮೊದಲಿನಿಂದ. ಈ ಲೆಕ್ಕ ಹಾಕಿದ ಮೇಲೆ ನನಗೆ ಆ ಪುಟ್ಟ ಚಿತ್ರದ ಮೇಲಿನ ಗೌರವ ಇಮ್ಮಡಿಯಾಯಿತು.

ಚಿತ್ರವನ್ನು ಕಂಡವರೆದುರಿಗೆ ಬೀಜ ಬಾಯ್ದೆರೆಯಿತು, ಮೊಳಕೆ ತಲೆಯೆತ್ತಿತು, ಬಳ್ಳಿ ಎದ್ದು ನಿಂತಿತು. ತಿಂಗಳ ಕಾಲವನ್ನು ಒಂದು ನಿಮಿಷಕ್ಕೆ ಇಳಿಸಬಲ್ಲವನು ಇನ್ನೇನನ್ನು ಮಾಡಲಾರ? ಛಾಯಾಗ್ರಹಣ ಸಾಮಗ್ರಿಯ ವ್ಯಾಪಾರಿಗಳಾದ ನಾಡಕರ್ಣಿಯವರು ಹಣದ ಸಹಾಯಕ್ಕೆ ಮುಂದಾದರು. ಸಾಲದುದಕ್ಕೆ ಸರಸ್ವತೀಬಾಯಿ ತಮ್ಮ ಒಡವೆಗಳನ್ನು ಕೊಟ್ಟರು.

ಫಾಲ್ಕೆ ಆರಿಸಿಕೊಂಡ ಕಥೆ ಹರಿಶ್ಚಂದ್ರನದು. ಕನ್ನಡಿಗರಿಗೆ ಈ ಕಥೆಯ ಪರಿಚಯ ಹೇಳಬೇಕಾಗಿಲ್ಲ. ಹದಿಮೂರನೆಯ ಶತಮಾನದಲ್ಲಿಯೇ ರಾಘವಾಂಕನು ಅದನ್ನು ನಮ್ಮದನ್ನಾಗಿ ಮಾಡಿದ್ದಾನೆ. ನಮ್ಮ ಚಂದ್ರಮತಿ ಅಲ್ಲಿ ತಾರಾಮತಿ. ಆ ಪಾತ್ರಕ್ಕೆ ಹೆಣ್ಣು ಎಲ್ಲಿಯೂ ದೊರೆಯಲಿಲ್ಲ. ಮಾನವಂತ ಹೆಂಗಸರ ಮಾತಿರಲಿ, ವೇಶ್ಯೆಯರು ಕೂಡ ಕ್ಯಾಮೆರಾದ ಮುಂದೆ ನಿಲ್ಲಲು ಹಿಂಜರಿದರು. ಕೊನೆಗೆ ಗ್ರ್ಯಾಂಟ್ ರೋಡಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ತರುಣನ ಕೋಮಲವಾದ ಕೈಗಳನ್ನು ಕಂಡು ಅವನನ್ನೇ ರಾಣಿ ಮಾಡಿದರು. ಹೋಟೆಲಿನಲ್ಲಿ ತಿಂಗಳಿಗೆ ಹತ್ತು ರೂಪಾಯಿ, ರಾಣಿಯಾದರೆ ಹದಿನೈದು. ಸ್ತ್ರೀಪಾತ್ರಕ್ಕೆ ಬಂದ ಗಂಡಸರು, ತಂದೆ ಬದುಕಿರುವಾಗ ಮೀಸೆ ಬೋಳಿಸುವುದು ಅಶುಭವೆಂದು ಹಟ ಹಿಡಿದರು. ಅವರ ಹಿರಿಯರಿಗೂ ಬುದ್ಧಿ ಹೇಳಬೇಕಾಯಿತು. ಚಿತ್ರದಲ್ಲಿ ಕೆಲಸ ಮಾಡುತ್ತೇವೆಂದರೆ ಮರ್ಯಾದೆಗೆ ಕುಂದೆಂದು, ಹರಿಶ್ಚಂದ್ರ ಎಂಬವರ ಕಾರ್ಖಾನೆಯಲ್ಲಿ ಕೆಲಸವೆಂದು ಊರವರಿಗೆ ಹೇಳಿಕೊಂಡವರೂ ಇದ್ದರು. ಹರಿಶ್ಚಂದ್ರನಾಗಿ ದಾಬ್ಕೆ, ರಾಜಕುಮಾರನಾಗಿ ಫಾಲ್ಕೆಯವರ ಮಗ ಭಾಲಚಂದ್ರ.

ದಾದರಿನ ಆ ಮನೆಯಲ್ಲಿ ಸುಮಾರು ಏಳು ತಿಂಗಳು ಈ ಯಜ್ಞ ನಡೆಯಿತು. ಹಗಲು ಬಿಸಿಲಿನ ಬೆಳಕಿನಲ್ಲಿ ಚಿತ್ರೀಕರಣ; ರಾತ್ರಿ ಅಡುಗೆಯ ಮನೆಯೇ ಕತ್ತಲೆ ಕೋಣೆ. ಆಗ ಕಚ್ಚಾ ಫಿಲ್ಮಿಗೆ ಅಂಚಿನ ರಂಧ್ರಗಳಿರುತ್ತಿರಲಿಲ್ಲ. ಕತ್ತಲೆಯಲ್ಲಿ ಕುಳಿತು ಒಂದೊಂದಾಗಿ ರಂಧ್ರ ಹಾಕಬೇಕಾಗಿತ್ತು. ಅದು ಸರಸ್ವತೀಬಾಯಿಯ ಕೆಲಸ. ರಸಾಯನಗಳನ್ನು ಬೆರೆಸುವುದು, ಫಿಲ್ಮು ತೊಳೆಯುವುದು, ಬಿಸಿಲಿನಲ್ಲಿ ಬಿಳಿಯ ಹಾಸನ್ನು ಗಂಟೆಗಟ್ಟಲೆ ಹಿಡಿದು ನಿಂತು ನಟರ ಮುಖಕ್ಕೆ ಬೆಳಕು ತಿರುಗಿಸುವುದು, ಇವೆಲ್ಲವೂ ಆಕೆಯದೇ. ಇವುಗಳ ನಡುವೆ ಅರುವತ್ತು ಎಪ್ಪತ್ತು ಜನರಿಗೆ ದಿನವೂ ಅಡುಗೆ, ಅವರ ಬಟ್ಟೆಬರೆ, ತನ್ನ ಮಕ್ಕಳು. ತಾರಾಮತಿಯ ಪಾತ್ರವನ್ನೂ ನೀನೇ ಮಾಡೆಂದು ಗಂಡ ಕೇಳಿದಾಗ ಮಾತ್ರ ಆಕೆ ಒಪ್ಪಲಿಲ್ಲವಂತೆ. ಅದನ್ನೂ ಮಾಡಿದರೆ ಉಳಿದುದನ್ನೆಲ್ಲ ಮಾಡುವವರು ಯಾರು?

1913ರ ಏಪ್ರಿಲ್ 21ರಂದು ಒಲಿಂಪಿಯಾ ಚಿತ್ರಮಂದಿರದಲ್ಲಿ ಗಣ್ಯರಿಗೂ, ಮೇ 3ರಂದು ಗಿರಗಾಂವಿನ ಕಾರೊನೇಷನ್ ಚಿತ್ರಮಂದಿರದಲ್ಲಿ ಜನಕ್ಕೂ ರಾಜಾ ಹರಿಶ್ಚಂದ್ರ ದರ್ಶನ ಕೊಟ್ಟನು. ಉದ್ದ 3,700 ಅಡಿ, ನಾಲ್ಕು ರೀಲು. ಜನ ಮುಗಿಬಿದ್ದು ನೋಡಿದರು. ಭಾರತೀಯ ಕಥಾಚಿತ್ರದ ಯುಗ ಹೀಗೆ ಒಂದು ಅಡುಗೆಮನೆಯಲ್ಲಿ ಆರಂಭವಾಯಿತು.

ಮುಂದಿನ ಕಥೆಯನ್ನು ಬೇಗ ಹೇಳುತ್ತೇನೆ. ಫಾಲ್ಕೆ ನಾಸಿಕಕ್ಕೆ ಹೋದರು. ಮೋಹಿನಿ ಭಸ್ಮಾಸುರದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಆಕೆಯ ಮಗಳು ಕಮಲಾ ನಟಿಸಿ ಪರದೆಗೆ ಹೆಣ್ಣು ಬಂದಂತಾಯಿತು. 1917ರ ಲಂಕಾದಹನದಲ್ಲಿ ಸಾಳುಂಕೆ ರಾಮನೂ ಆದನು, ಸೀತೆಯೂ ಆದನು. ಕಾಳಿಯಮರ್ದನದಲ್ಲಿ ಫಾಲ್ಕೆಯವರ ಮಗಳು ಮಂದಾಕಿನಿ ಬಾಲಕೃಷ್ಣಳಾದಳು. ದೊಡ್ಡ ಚಿತ್ರಗಳ ನಡುವೆ ಬೆಂಕಿಕಡ್ಡಿಗಳನ್ನು ಕುಣಿಸಿದ ಕಿರುಚಿತ್ರವನ್ನೂ, ಚಿತ್ರಗಳನ್ನು ತಯಾರಿಸುವ ಬಗೆಯನ್ನು ತೋರಿಸುವ ಕಿರುಚಿತ್ರವನ್ನೂ ಅವರು ತೆಗೆದರು. ತಾವು ಕಲಿತ ವಿದ್ಯೆಯನ್ನು ಬಚ್ಚಿಡುವ ಸ್ವಭಾವ ಅವರದಾಗಿರಲಿಲ್ಲ.

1918ರಲ್ಲಿ ಬಂಡವಾಳಗಾರರೊಡನೆ ಸೇರಿ ಹಿಂದುಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪೆನಿ ಕಟ್ಟಿದರು. ಹಣ ಬಂದಿತು, ಹಣದೊಡನೆ ಲೆಕ್ಕ ಕೇಳುವವರೂ ಬಂದರು. ಮನಸ್ಸು ಒಡೆದು ಕಾಶಿಗೆ ಹೋಗಿ ಮರಾಠಿಯಲ್ಲಿ ನಾಟಕ ಬರೆದರು. ಮರಳಿ ಬಂದು ಅದೇ ಕಂಪೆನಿಯಲ್ಲಿ ದುಡಿದರು. ಸುಮಾರು ಎರಡು ದಶಕಗಳಲ್ಲಿ 90ಕ್ಕೂ ಹೆಚ್ಚು ಕಥಾಚಿತ್ರಗಳನ್ನೂ 25ಕ್ಕೂ ಹೆಚ್ಚು ಕಿರುಚಿತ್ರಗಳನ್ನೂ ತೆಗೆದರು. ಅಷ್ಟರಲ್ಲಿ ಪರದೆ ಮಾತಾಡತೊಡಗಿತು. 1934ರಲ್ಲಿ ನಮ್ಮ ಸತಿ ಸುಲೋಚನಾ ಕೊಲ್ಲಾಪುರದಲ್ಲಿ ತಯಾರಾಗಿ ಬಂದು ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಕಂಡಿತು. ಅದೇ ಕೊಲ್ಲಾಪುರದಲ್ಲಿ ಫಾಲ್ಕೆಯವರು ತಮ್ಮ ಏಕೈಕ ವಾಕ್ಚಿತ್ರವಾದ ಗಂಗಾವತರಣವನ್ನು ತೆಗೆದರು. ಅದು 1937ರಲ್ಲಿ ಹೊರಬಂದಿತು. ಅದೇ ಅವರ ಕೊನೆಯ ಚಿತ್ರ.

ಆಮೇಲಿನದು ಬಡತನ ಮತ್ತು ಮರೆವು. ಉದ್ಯಮದ ಬೆಳ್ಳಿಹಬ್ಬದ ಕಾಲದಲ್ಲಿ ಶಾಂತಾರಾಮ್ ಮೊದಲಾದವರು ಹಣ ಕೂಡಿಸಿಕೊಟ್ಟದ್ದರಿಂದ ನಾಸಿಕದಲ್ಲಿ ಒಂದು ಸೂರಾಯಿತು. ಯುದ್ಧಕಾಲದಲ್ಲಿ ಚಿತ್ರ ತೆಗೆಯಲು ಸರಕಾರದ ಅಪ್ಪಣೆ ಬೇಕಾಗಿತ್ತು. ಎಪ್ಪತ್ತು ಮೀರಿದ ಫಾಲ್ಕೆ ಅದಕ್ಕೂ ಅರ್ಜಿ ಹಾಕಿದರು. ಅಪ್ಪಣೆಯಿಲ್ಲವೆಂಬ ಉತ್ತರ ಬಂದ ಎರಡನೆಯ ದಿನ, 1944ರ ಫೆಬ್ರವರಿ 16ರಂದು, ಅವರು ತೀರಿಕೊಂಡರು.

ಅವರ ಹೆಸರಿನ ಪ್ರಶಸ್ತಿ ಹುಟ್ಟಿದ್ದು ಅದಕ್ಕೆ 25 ವರ್ಷಗಳ ಅನಂತರ. 1969ರ ಸಾಲಿನ ಮೊದಲ ಪ್ರಶಸ್ತಿ ದೊರೆತದ್ದು ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ನೆಲೆಸಿದ್ದ ದೇವಿಕಾರಾಣಿಯವರಿಗೆ. 1995ರ ಸಾಲಿನದು ನಮ್ಮ ರಾಜಕುಮಾರರಿಗೆ. 2008ರ ಸಾಲಿನದು ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೆ. ಪ್ರಶಸ್ತಿಯ ಹೆಸರನ್ನು ಕೇಳದ ಕನ್ನಡಿಗರಿಲ್ಲ. ರಾಜಾ ಹರಿಶ್ಚಂದ್ರ ಚಿತ್ರವಾದರೋ ಇಂದು ಪೂರ್ಣವಾಗಿ ಉಳಿದಿಲ್ಲ. ಉಳಿದಿರುವುದು ಮೊದಲ ಮತ್ತು ಕೊನೆಯ ರೀಲುಗಳಷ್ಟೇ. ಅವೂ 1917ರಲ್ಲಿ ಫಾಲ್ಕೆ ಮತ್ತೆ ತೆಗೆದ ಚಿತ್ರದವೆಂದು ವಾದಿಸುವವರಿದ್ದಾರೆ.

ಇಷ್ಟನ್ನು ಓದಿಕೊಂಡ ಮೇಲೆ ನನ್ನ ವಿದ್ಯಾರ್ಥಿಯನ್ನು ಕರೆಸಿದೆ. ಹೆಂಡತಿಯೊಡನೆ ಬಾ ಎಂದು ಹೇಳಿಕಳಿಸಿದ್ದೆ, ಇಬ್ಬರೂ ಬಂದರು. ಎರಡು ಸಂಜೆ ಈ ಕಥೆಯನ್ನೆಲ್ಲ ಹೇಳಿದೆ. ಕೊನೆಯ ಬಡತನವನ್ನು ಮುಚ್ಚಿಡಲಿಲ್ಲ. ಹರಿಶ್ಚಂದ್ರನು ಸತ್ಯಕ್ಕಾಗಿ ಹೆಂಡತಿಯನ್ನು ಮಾರಿದನು. ನಾವು ಅವನನ್ನು ಹೊಗಳುವ ಭರದಲ್ಲಿ ಸಂತೆಯಲ್ಲಿ ನಿಂತವಳ ಕಾಲು ನೋಯುತ್ತಿತ್ತೇ ಎಂದು ಕೇಳುವುದಿಲ್ಲ. ಫಾಲ್ಕೆಯವರ ಮನೆಯಲ್ಲಿ ಆಕೆಯೂ ಆ ಹುಚ್ಚಿನ ಪಾಲುದಾರಳಾಗಿದ್ದಳು, ರೀಲಿನ ರಂಧ್ರಗಳು ಆಕೆಯ ಕೈಯವು. ಆದ್ದರಿಂದ ಬಳೆಯ ಮಾತನ್ನು ಬಳೆ ತೊಟ್ಟವಳೇ ತೀರ್ಮಾನಿಸಬೇಕು, ಅದರಲ್ಲಿ ಮೇಷ್ಟ್ರಿಗಾಗಲಿ ಅತ್ತೆಗಾಗಲಿ ಅಧಿಕಾರವಿಲ್ಲ ಎಂದೆ. ಇನ್ನೊಂದು ಮಾತನ್ನೂ ಹೇಳಿದೆ: ಫಾಲ್ಕೆ ಹಣವಂತರ ಮುಂದೆ ಹರಿಶ್ಚಂದ್ರನನ್ನು ವರ್ಣಿಸುತ್ತ ಕುಳಿತುಕೊಳ್ಳಲಿಲ್ಲ, ಬಟಾಣಿಯನ್ನು ಬೆಳೆಸಿ ತೋರಿಸಿದರು. ನಿನ್ನ ಕಿಸೆಯಲ್ಲಿರುವ ಫೋನು ಆ ವಿಲಿಯಮ್ಸನ್ ಕ್ಯಾಮೆರಾ ಮಾಡಲಾರದ ಎಷ್ಟೋ ಕೆಲಸ ಮಾಡುತ್ತದೆ. ಮೊದಲು ನಿನ್ನ ಬಟಾಣಿಯನ್ನು ಬೆಳೆಸು.

ಹುಡುಗ ಏನೂ ಹೇಳಲಿಲ್ಲ. ಹೊರಡುವಾಗ ಅವನ ಹೆಂಡತಿ, ಸರಸ್ವತೀಬಾಯಿ ಎಷ್ಟು ಓದಿದ್ದರು ಎಂದು ಕೇಳಿದಳು. ಈ ಕೆಲಸವನ್ನು ಕಲಿಸುವ ಶಾಲೆ ಆಗ ಯಾವುದೂ ಇರಲಿಲ್ಲವಮ್ಮ, ಆಕೆ ಮನೆಯಲ್ಲಿಯೇ ಕಲಿತರು ಎಂದೆ. ಅವಳು ತಲೆಯಾಡಿಸಿದಳು.

ಈಗ ಮೂರು ವಾರಗಳಿಂದ ಬೆಳಗ್ಗೆ ಆರೂವರೆಗೆ ಹೊಂಗೆಯ ಮರದ ಬಳಿ ಇಬ್ಬರೂ ಕಾಣುತ್ತಾರೆ. ಮುದುಕರು ಇದ್ದಿಲಿಗೆ ಗಾಳಿ ಬೀಸಿ ಕೆಂಡ ಮಾಡುವ ಒಂದು ನಿಮಿಷವನ್ನು ದಿನವೂ ಒಂದೇ ಜಾಗದಲ್ಲಿ ನಿಂತು ಅವನು ಚಿತ್ರಿಸುತ್ತಾನೆ. ಬಿಳಿಯ ಥರ್ಮೊಕೋಲಿನ ಹಲಗೆಯೊಂದನ್ನು ಎತ್ತಿ ಹಿಡಿದು ಅವಳು ಬೆಳಕನ್ನು ತಿರುಗಿಸುತ್ತಾಳೆ. ಅವನ ತಾಯಿ ನನ್ನೊಡನೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಆದರೆ ಮೊನ್ನೆ ಆ ಇಬ್ಬರಿಗೂ, ಮುದುಕರಿಗೂ, ಉಕ್ಕಿನ ಲೋಟಗಳಲ್ಲಿ ಕಾಫಿ ತಂದುಕೊಟ್ಟದ್ದನ್ನು ಕಿಟಕಿಯಿಂದ ಕಂಡೆ. ಹಲಗೆಯನ್ನು ಗೋಡೆಗೆ ಒರಗಿಸಿ ಸೊಸೆ ಲೋಟ ತೆಗೆದುಕೊಂಡಾಗ ಬಳೆಗಳೆರಡೂ ಅವಳ ಕೈಯಲ್ಲಿಯೇ ಇದ್ದವು.